ಮೀನುಮರಿ ಸಾಯುವುದು ರೋಗಕ್ಕಲ್ಲ, ಹಸಿವಿಗೆ

ಮಾನ್ಯ ಸಂಪಾದಕರೇ,

ಹಿತ್ತಲಲ್ಲೋ ತಾರಸಿಯ ಮೇಲೋ ಬಣ್ಣದ ಮೀನು ಸಾಕಿ ನಾಲ್ಕು ಕಾಸು ಸಂಪಾದಿಸಿ ಎಂಬ ಸಲಹೆ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಸಲಹೆ ಒಳ್ಳೆಯದೇ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲೂ ಹಿತ್ತಲ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚದ ಲೆಕ್ಕ ಹಿಡಿದು, ಸಾಮಾನ್ಯ ವರ್ಗದವರಿಗೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60ರಷ್ಟು ಸಹಾಯಧನ ನಿಗದಿ ಮಾಡಿದರು. ತೊಟ್ಟಿ, ಪಂಪು, ಚಾವಣಿ, ತಾಯಿಮೀನು ಎಲ್ಲದರ ಮಾತೂ ಆಗುತ್ತದೆ. ಮೊಟ್ಟೆಯೊಡೆದು ಬಂದ ಮರಿ ಮೊದಲ ಹತ್ತು ದಿನ ಏನು ತಿನ್ನಬೇಕು ಎಂಬುದು ಮಾತ್ರ ಹಿಂದೆ ಬೀಳುತ್ತದೆ. ಸಾಕುವವರು ಸೋಲುವುದು ಆ ಹತ್ತು ದಿನಗಳಲ್ಲೇ. ಅದಕ್ಕಾಗಿ ಈ ಪತ್ರ, ತುಸು ದೀರ್ಘವಾಗಿಯೇ.

ಗೌರಾಮಿ ಎಂಬ ಬಣ್ಣದ ಮೀನನ್ನೇ ತೆಗೆದುಕೊಳ್ಳಿ. ಗಂಡು ನೀರಿನ ಮೇಲೆ ನೊರೆಗೂಡು ಕಟ್ಟುತ್ತದೆ, ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ, ಒಂದೂವರೆ ದಿನದೊಳಗೆ ಮರಿಗಳು ಹೊರಬಂದು ಗೂಡಿನಡಿ ಅಲ್ಪವಿರಾಮದ ಹಾಗೆ ನೇತಾಡುತ್ತವೆ. ನೋಡಿದವರಿಗೆ ಸಂಭ್ರಮ. ಆಮೇಲೆ ಎರಡು ಮೂರು ದಿನಕ್ಕೆ ಅಡ್ಡಡ್ಡ ಈಜಲು ತೊಡಗುತ್ತವೆ. ಅಲ್ಲಿಂದ ನಾಲ್ಕು ದಿನ ಕಳೆಯುವಷ್ಟರಲ್ಲಿ ತೊಟ್ಟಿ ಖಾಲಿ. ಅಂಗಡಿಗೆ ಹೋಗಿ ಕೇಳಿದರೆ ಸಿಗುವುದು ಸಾಮಾನ್ಯವಾಗಿ ನೀಲಿ ಔಷಧದ ಬಾಟಲಿ. ರೋಗವೇ ಇಲ್ಲದ ಮರಿಗೆ ಔಷಧ ಏನು ಮಾಡೀತು? ಆ ನೀಲಿ ಔಷಧ, ಅಂದರೆ ಮೆಥಿಲೀನ್ ಬ್ಲೂ, ಮೊಟ್ಟೆಗೆ ಬೂಸ್ಟು ಹಿಡಿಯದಂತೆ ಕಾಯಲು ಸರಿ. ಆದರೆ ಬಿಳಿಚುಕ್ಕೆ ರೋಗದ ಜೀವಿಯನ್ನು ಕೊಲ್ಲಲೂ ಅದನ್ನೇ ಬಳಸುತ್ತಾರೆ, ಮತ್ತು ಆ ಜೀವಿ ಮರಿಯ ಮೊದಲ ಆಹಾರವಾದ ಪ್ಯಾರಮೀಸಿಯಂ ಎಂಬ ಸೂಕ್ಷ್ಮಜೀವಿಯ ಹತ್ತಿರದ ನೆಂಟ. ಹಸಿದ ಮರಿಯ ನೀರಿಗೆ ನೀಲಿ ಔಷಧ ಸುರಿದರೆ ಅಲ್ಲಿದ್ದ ಚೂರುಪಾರು ಆಹಾರಕ್ಕೂ ಕುತ್ತು.

ಮೊಟ್ಟೆಯೊಡೆದ ಮರಿಗೆ ಹೊಟ್ಟೆಗೆ ಅಂಟಿದ ಹಳದಿ ಚೀಲವೇ ಬುತ್ತಿ. ಅದು ಕರಗುವವರೆಗೆ ಏನೂ ಹಾಕಬಾರದು, ಹಾಕಿದ್ದೆಲ್ಲ ಕೊಳೆಯುತ್ತದೆ. ಗೋಲ್ಡ್‌ಫಿಶ್ ಮರಿ ಎರಡು ಮೂರು ದಿನ ಗಿಡಕ್ಕೋ ಗಾಜಿಗೋ ಅಂಟಿಕೊಂಡಿರುತ್ತದೆ, ಏಂಜೆಲ್ ಮರಿ ಸುಮಾರು ಐದು ದಿನ ಎಲೆಯ ಮೇಲೆ ಬಾಲ ಅಲ್ಲಾಡಿಸುತ್ತಾ ಇರುತ್ತದೆ. ಅಂಟಿಕೊಂಡದ್ದು ಬಿಟ್ಟು ಸ್ವಂತವಾಗಿ ಈಜಲು ಹೊರಟ ಗಳಿಗೆಯೇ ಊಟದ ಗಳಿಗೆ. ಅಲ್ಲಿಂದ ಹೆಚ್ಚು ದಿನ ಕಾಯಲಾಗದು. ಚೀಲ ಬರಿದಾದ ಮೇಲೂ ಆಹಾರ ಸಿಗದಿದ್ದರೆ ಮರಿ ನಿತ್ರಾಣವಾಗಿ, ಬಾಯ ಮುಂದೆ ಆಹಾರ ಬಂದರೂ ಹಿಡಿಯಲಾರದ ಸ್ಥಿತಿಗೆ ಇಳಿಯುತ್ತದೆ. ಆ ಗೆರೆ ದಾಟಿದ ಮೇಲೆ ಎಷ್ಟು ಸುರಿದರೂ ಪ್ರಯೋಜನವಿಲ್ಲ. ಇನ್ನೂ ಈಜುತ್ತಿದೆಯಲ್ಲ ಎಂದು ನಾವು ನಂಬಿರುತ್ತೇವೆ, ಅದರ ಕಥೆ ಒಳಗೇ ಮುಗಿದಿರುತ್ತದೆ.

ಎರಡನೆಯದು ಬಾಯಿಯ ಅಳತೆ. ಗಪ್ಪಿ, ಮೋಲಿ, ಪ್ಲಾಟಿ, ಸ್ವಾರ್ಡ್‌ಟೇಲ್ ಮರಿ ಹಾಕುವ ಜಾತಿಗಳು. ಗಪ್ಪಿ ಮರಿ ಹುಟ್ಟುವಾಗಲೇ 6ರಿಂದ 8 ಮಿಲಿಮೀಟರ್ ಇರುತ್ತದೆ, ಆ ದಿನವೇ ಆರ್ಟೀಮಿಯಾ ಎಂಬ ಸಣ್ಣ ಸಿಗಡಿಯ ಮರಿಯನ್ನು ನುಂಗುತ್ತದೆ. ಏಂಜೆಲ್ ಮರಿಯೂ ಈಜಲು ಹೊರಟ ದಿನದಿಂದಲೇ ತಿನ್ನಬಲ್ಲದು. ಗೌರಾಮಿ, ಹೆಚ್ಚಿನ ಟೆಟ್ರಾಗಳು, ಜೀಬ್ರಾ ಡೇನಿಯೊ ಹಾಗಲ್ಲ. ಗೌರಾಮಿ ಮರಿ 3 ಮಿಲಿಮೀಟರೂ ಇರುವುದಿಲ್ಲ. ಅದರ ಮುಂದೆ ಅರ್ಧ ಮಿಲಿಮೀಟರಿನ ಆರ್ಟೀಮಿಯಾ ಇಟ್ಟರೆ ಹಸುಗೂಸಿನ ಮುಂದೆ ಇಡೀ ತೆಂಗಿನಕಾಯಿ ಇಟ್ಟಂತೆ. ಅದಕ್ಕಿಂತ ಸಣ್ಣ ಆಹಾರ ಬೇಕು, ಅದೂ ಜೀವಂತ ಇರಬೇಕು. ಮರಿ ಕಣ್ಣಿನಿಂದ ಬೇಟೆಯಾಡುತ್ತದೆ, ಅಲುಗದಿದ್ದರೆ ಅದರ ಲೆಕ್ಕದಲ್ಲಿ ಅದು ಆಹಾರವೇ ಅಲ್ಲ.

ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಕೊಡುವ ರೂಢಿ ನಮ್ಮಲ್ಲಿ ಹಳೆಯದು. ತೀರಾ ಏನೂ ಇಲ್ಲದ ದಿನಕ್ಕೆ ಸರಿ. ಆದರೆ ಕಡಲೆಕಾಳಿನಷ್ಟು ಹಳದಿ ಹೆಚ್ಚಾದರೂ ರಾತ್ರಿಯೊಳಗೆ ನೀರು ಕೆಡುತ್ತದೆ, ತಳದಲ್ಲಿ ಬಿಳಿ ಲೋಳೆ ಕಟ್ಟುತ್ತದೆ, ಅಮೋನಿಯಾ ಏರುತ್ತದೆ. ಬೆಳಿಗ್ಗೆ ಸತ್ತ ಮರಿಗಳನ್ನು ಕಂಡು ರೋಗ ಬಂತು ಎನ್ನುವುದು ಇಲ್ಲಿಂದಲೇ ಶುರು. ಜೀವಂತ ಆಹಾರದ ದೊಡ್ಡ ಅನುಕೂಲ ಇದು: ತಿನ್ನದೆ ಉಳಿದದ್ದು ಕೂಡಲೇ ಕೊಳೆಯುವುದಿಲ್ಲ, ಮುಂದಿನ ಹಸಿವಿನವರೆಗೆ ನೀರಲ್ಲೇ ಓಡಾಡಿಕೊಂಡಿರುತ್ತದೆ.

ಮೊದಲ ಆಹಾರ ಇನ್ಫ್ಯೂಸೋರಿಯಾ. ಇದು ಒಂದು ಜೀವಿಯ ಹೆಸರಲ್ಲ, ಕೊಳೆತ ಸಸ್ಯದ ನೀರಿನಲ್ಲಿ ಹುಟ್ಟಿಕೊಳ್ಳುವ ಪ್ಯಾರಮೀಸಿಯಂನಂಥ ಸೂಕ್ಷ್ಮಜೀವಿಗಳ ಗುಂಪಿನ ಹೆಸರು. ಪ್ಯಾರಮೀಸಿಯಂ ಹೆಚ್ಚೆಂದರೆ ಮಿಲಿಮೀಟರಿನ ಮೂರನೇ ಒಂದು ಭಾಗ. ಬೆಳೆಸಲು ಭತ್ತದ ಹುಲ್ಲು ಸಾಕು. ಒಂದು ಲೀಟರ್ ನೀರಿಗೆ 10 ಗ್ರಾಂ ಹುಲ್ಲನ್ನು ಕತ್ತರಿಸಿ ಹಾಕಿ ಹದಿನೈದು ಇಪ್ಪತ್ತು ನಿಮಿಷ ಕುದಿಸಿ. ಪೂರ್ತಿ ಆರಿದ ಮೇಲೆ ಹುಲ್ಲಿನ ಸಮೇತ ಅಗಲ ಬಾಯಿಯ ಗಾಜಿನ ಭರಣಿಗೆ ಹಾಕಿ, ಹಳೆಯ ಅಕ್ವೇರಿಯಂನ ಸ್ಪಾಂಜ್ ಫಿಲ್ಟರ್ ಹಿಂಡಿದ ನೀರು ಅರ್ಧ ಲೋಟ ಬೆರೆಸಿ. ಬೀಜ ಅದೇ. ನೆರಳಲ್ಲಿ, 25ರಿಂದ 30 ಡಿಗ್ರಿ ಬಿಸಿಯಲ್ಲಿ ಇಡಿ. ಹುಲ್ಲು ಸಿಗದ ಪೇಟೆಯವರು ಹತ್ತು ಲೀಟರಿನ ಬಕೆಟ್ಟಿಗೆ ಒಂದು ಬಾಳೆಹಣ್ಣಿನ ಸಿಪ್ಪೆ ಹಾಕಿದರೂ ನಡೆಯುತ್ತದೆ. ಎಲೆಕೋಸಿನ ಎಲೆಯೂ ಆದೀತು, ಆದರೆ ಮಾರುಕಟ್ಟೆಯ ಕೋಸಿನಲ್ಲಿ ಕೀಟನಾಶಕ ಇದ್ದರೆ ಕಾದದ್ದೆಲ್ಲ ವ್ಯರ್ಥ.

ಎರಡನೇ ದಿನ ನೀರು ಹಾಲಿನಂತೆ ಬೆಳ್ಳಗಾಗಿ, ಮೇಲೆ ಕೆನೆ ಕಟ್ಟಿ, ಮೂಗು ಮುಚ್ಚಿಕೊಳ್ಳುವಂಥ ವಾಸನೆ ಬರುತ್ತದೆ. ಹೆದರಿ ಚೆಲ್ಲುವವರೇ ಹೆಚ್ಚು. ಅದು ಬ್ಯಾಕ್ಟೀರಿಯಾ ಉಕ್ಕಿದ ಹಂತ, ಆ ನೀರನ್ನು ಮರಿಗೆ ಹಾಕಬಾರದು, ಅಷ್ಟೇ. ಪ್ಯಾರಮೀಸಿಯಂ ಬ್ಯಾಕ್ಟೀರಿಯಾವನ್ನು ತಿಂದು ಹೆಚ್ಚುತ್ತದೆ. ನಾಲ್ಕನೇ ಐದನೇ ದಿನಕ್ಕೆ ವಾಸನೆ ಇಳಿದು ನೀರು ತಿಳಿಹಳದಿಯಾಗಿ ಸ್ವಚ್ಛವಾಗುತ್ತದೆ. ಆಗ ಕತ್ತಲಲ್ಲಿ ಭರಣಿಯ ಹಿಂದೆ ಟಾರ್ಚ್ ಹಿಡಿದು ನೋಡಿ. ಕಿಟಕಿಯ ಬಿಸಿಲುಕೋಲಿನಲ್ಲಿ ತೇಲುವ ದೂಳಿನ ಹಾಗೆ ಬಿಳಿ ಚುಕ್ಕೆಗಳು ಕಾಣುತ್ತವೆ. ದೂಳು ಒಂದೇ ಕಡೆಗೆ ಇಳಿಯುತ್ತದೆ. ಇವು ಇಳಿಯುವುದಿಲ್ಲ, ನೇರ ಹೋಗಿ, ತಿರುಗಿ, ಮತ್ತೆ ಮೇಲೇರುತ್ತವೆ. ಆ ಓಡಾಟ ಕಂಡರೆ ಆಹಾರ ಸಿದ್ಧ.

ಅದರ ಭರಾಟೆ ಎರಡು ಮೂರು ದಿನ ಮಾತ್ರ. ಆಮೇಲೆ ತಿನ್ನಲು ಬ್ಯಾಕ್ಟೀರಿಯಾ ಉಳಿಯದೆ ಸಂಖ್ಯೆ ಕುಸಿಯುತ್ತದೆ. ಹಾಗಾಗಿ ಒಂದೇ ಭರಣಿ ನಂಬಬಾರದು. ಮೂರು ದಿನಕ್ಕೊಂದರಂತೆ ಹೊಸ ಭರಣಿ ಹೂಡಬೇಕು, ಹಳೆಯದರಿಂದ ಅರ್ಧ ಲೋಟ ಹೊಸದಕ್ಕೆ, ಮೊಸರಿಗೆ ಹೆಪ್ಪು ಹಾಕಿದಂತೆ. ಇನ್ನೂ ಮುಖ್ಯವಾದದ್ದು, ಮೊದಲ ಭರಣಿ ಹೂಡಬೇಕಾದ ದಿನ. ಮೊಟ್ಟೆ ಕಂಡ ಮೇಲೆ ಹೂಡಿದರೆ ತಡವಾಯಿತು. ಗೌರಾಮಿ ಮೊಟ್ಟೆಯಿಟ್ಟು ಮರಿ ಈಜುವುದಕ್ಕೆ ಬರೀ ನಾಲ್ಕು ದಿನ ಸಾಕು, ಭರಣಿ ಮಾಗಲು ಐದು ದಿನ ಬೇಕು. ಗಂಡು ಹೆಣ್ಣನ್ನು ಒಟ್ಟಿಗೆ ಬಿಡುವ ದಿನಕ್ಕಿಂತ ಮೊದಲೇ ಎರಡು ಭರಣಿ ಮಾಗಿರಬೇಕು. ಈ ಒಂದು ಲೆಕ್ಕ ತಪ್ಪುವುದರಿಂದ ಸಾಯುವ ಮರಿಗಳೇ ಎಲ್ಲಕ್ಕಿಂತ ಹೆಚ್ಚು.

ಕೊಡುವ ರೀತಿಯನ್ನೂ ಹೇಳಬೇಕು. ಭರಣಿಯ ನೀರನ್ನು ಹಾಗೇ ಸುರಿದರೆ ಕೊಳೆಯೂ ಜೊತೆಗೇ ಹೋಗುತ್ತದೆ. ಅದಕ್ಕೊಂದು ಸುಲಭ ಉಪಾಯವಿದೆ. ಭರಣಿಯ ನೀರನ್ನು ಸೋಸಿ ಉದ್ದ ಕತ್ತಿನ ಬಾಟಲಿಗೆ ಕತ್ತಿನ ಬುಡದವರೆಗೆ ತುಂಬಿ, ನೀರಿಗೆ ತಾಗುವಂತೆ ಹತ್ತಿಯ ಸಡಿಲ ಬಿರಡೆ ಇಟ್ಟು, ಅದರ ಮೇಲೆ ಕ್ಲೋರಿನ್ ಇಲ್ಲದ ತಾಜಾ ನೀರನ್ನು ನಿಧಾನ ಹನಿಸಿ. ಕೆಳಗೆ ಆಮ್ಲಜನಕ ಕಡಿಮೆ, ಮೇಲೆ ಹೆಚ್ಚು. ಕೆಲವು ಗಂಟೆಗಳಲ್ಲಿ ಪ್ಯಾರಮೀಸಿಯಂ ಹತ್ತಿಯ ಎಳೆಗಳ ನಡುವೆ ನುಸುಳಿ ಮೇಲಿನ ತಿಳಿನೀರಿಗೆ ಬಂದು ಸೇರುತ್ತದೆ. ಕತ್ತಿನ ಆ ಭಾಗ ಮಸುಕುಬಿಳಿಯಾಗಿ ಕಾಣುತ್ತದೆ. ಸೂಜಿ ತೆಗೆದ ಸಿರಿಂಜಿನಿಂದ ಅಷ್ಟನ್ನೇ ಎಳೆದು ಮರಿತೊಟ್ಟಿಗೆ ಬಿಟ್ಟರೆ ಕೊಳೆ ಇಲ್ಲದ ಊಟ. ಇಷ್ಟು ವ್ಯವಧಾನ ಇಲ್ಲದವರು ಭರಣಿಯ ನಡುಭಾಗದಿಂದ ಎಳೆಯಲಿ, ತಳದಿಂದ ಮಾತ್ರ ಬೇಡ. ಹತ್ತು ಲೀಟರ್ ನೀರಿಗೆ ಸಲಕ್ಕೆ 50 ಮಿಲಿಲೀಟರ್, ದಿನಕ್ಕೆ ಮೂರು ನಾಲ್ಕು ಸಲ.

ಹತ್ತು ಲೀಟರ್ ಎಂದದ್ದಕ್ಕೆ ಕಾರಣವಿದೆ. ನೂರು ಲೀಟರಿನ ತೊಟ್ಟಿಯಲ್ಲಿ ಅಷ್ಟೇ ಇನ್ಫ್ಯೂಸೋರಿಯಾ ಹಾಕಿದರೆ ಕಡಲಿಗೆ ಕಾಸು ಎಸೆದಂತೆ, ಮರಿಗೆ ಆಹಾರ ಎದುರಾಗುವುದೇ ಇಲ್ಲ. ಎಳೆಮರಿ ಹುಡುಕಿಕೊಂಡು ಹೋಗಿ ತಿನ್ನುವುದಿಲ್ಲ, ಕಣ್ಣ ಮುಂದೆ ಹಾದುಹೋದದ್ದನ್ನಷ್ಟೇ ಹಿಡಿಯುತ್ತದೆ. ಮೊದಲ ವಾರ ನೀರು 10ರಿಂದ 15 ಸೆಂಟಿಮೀಟರ್ ಆಳ ಇದ್ದರೆ ಸಾಕು. ಗಾಳಿ ಒಂದೊಂದೇ ಗುಳ್ಳೆ ಬರುವಷ್ಟು ಮಾತ್ರ ಬಿಡಿ. ಸಂಜೆ ದೀಪ ಆರಿಸಿದರೆ ಊಟ ನಿಲ್ಲುತ್ತದೆ, ಆದ್ದರಿಂದ ಸ್ವಲ್ಪ ಹೊತ್ತು ಮಂದ ಬೆಳಕು ಇರಲಿ. ಒಣಗಿದ ಕಾಡುಬಾದಾಮಿ ಎಲೆ ಒಂದು, ಒಂದು ಹಿಡಿ ಜಾವಾ ಮಾಸ್ ಎಂಬ ನೀರುಗಿಡ ಹಾಕಿಟ್ಟರೆ ಅವುಗಳ ಮೇಲೂ ಸೂಕ್ಷ್ಮಜೀವಿ ಬೆಳೆದು, ನಾವು ಇಲ್ಲದ ಹೊತ್ತಿನಲ್ಲಿ ಮರಿಗೆ ಮೇವಾಗುತ್ತದೆ. ಬೆಟ್ಟಾ, ಗೌರಾಮಿ ಮರಿಗಳ ತೊಟ್ಟಿಗೆ ಮುಚ್ಚಳ ಬಿಗಿಯಾಗಿರಲಿ. ಮೇಲ್ಗಾಳಿ ಉಸಿರಾಡುವ ಅಂಗ ಅವಕ್ಕೆ ಮೂಡುವುದು ಕೆಲವು ವಾರಗಳ ಮೇಲೆ. ಆಗ ನೀರಿನ ಮೇಲೆ ತಣ್ಣನೆ ಗಾಳಿ ಬೀಸಿದರೂ ಸಾಯುತ್ತವೆ.

ಐದಾರು ದಿನ ಕಳೆದ ಮೇಲೆ ಆರ್ಟೀಮಿಯಾ. ಉಪ್ಪುನೀರಿನ ಈ ಸಣ್ಣ ಸಿಗಡಿಯ ಒಣ ಮೊಟ್ಟೆಗಳು ಡಬ್ಬಿಯಲ್ಲಿ ಸಿಗುತ್ತವೆ. ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್‌ನದು ಪ್ರಸಿದ್ಧ, ನಮ್ಮ ತೂತ್ತುಕುಡಿಯ ಉಪ್ಪಿನಾಗರಗಳಲ್ಲೂ ಆರ್ಟೀಮಿಯಾ ಇದೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ. ಒಂದು ಲೀಟರ್ ನೀರು, 25ರಿಂದ 30 ಗ್ರಾಂ ಕಲ್ಲುಪ್ಪು, ಒಂದು ಚಿಟಿಕೆ ಅಡುಗೆ ಸೋಡಾ, ಒಂದು ಗ್ರಾಂ ಮೊಟ್ಟೆ. ಏರ್ ಪಂಪಿನ ಕೊಳವೆ ಕತ್ತಿನವರೆಗೂ ಇಳಿದಿರಬೇಕು, ಯಾವ ಮೊಟ್ಟೆಯೂ ತಳದಲ್ಲಿ ಕೂರದಂತೆ ನೀರು ಕುದಿಯುವ ಹಾಗೆ ತಿರುಗುತ್ತಿರಬೇಕು. ಮೇಲೆ ಒಂದು ದೀಪ. ನೀರು 28 ಡಿಗ್ರಿ ಇದ್ದರೆ 24 ಗಂಟೆಯಲ್ಲಿ ಮರಿ. ಮಂಗಳೂರು, ಕಾರವಾರದ ಕಡೆ ಹೀಟರ್ ಬೇಕಾಗುವುದೇ ಕಡಿಮೆ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಹೀಟರ್ ಇಲ್ಲದಿದ್ದರೆ ಒಂದೂವರೆ ಎರಡು ದಿನ ಹಿಡಿದೀತು, ಅದೂ ಅರ್ಧಂಬರ್ಧ. ಹತ್ತಿರ ಬಲ್ಬು ಉರಿಸಿ, ಇಲ್ಲವೇ ಬಾಟಲಿಯನ್ನು ಹೀಟರ್ ಇರುವ ತೊಟ್ಟಿಯಲ್ಲಿ ನಿಲ್ಲಿಸಿ.

ತೆಗೆಯುವಾಗ ಅವಸರ ಕೂಡದು. ಗಾಳಿ ನಿಲ್ಲಿಸಿ, ಬಾಟಲಿಯ ಮೇಲ್ಭಾಗಕ್ಕೆ ಕಪ್ಪು ಬಟ್ಟೆ ಸುತ್ತಿ, ಕತ್ತಿನ ಬಳಿ ಟಾರ್ಚ್ ಇಡಿ. ಹತ್ತು ನಿಮಿಷದಲ್ಲಿ ಖಾಲಿ ಚಿಪ್ಪು ಕಂದು ಪುಡಿಯಾಗಿ ಮೇಲೆ ತೇಲುತ್ತದೆ, ಒಡೆಯದ ಮೊಟ್ಟೆ ತೀರಾ ತಳ ಸೇರುತ್ತದೆ, ನಡುವೆ ಕಿತ್ತಳೆ ಮೋಡದಂತೆ ಜೀವಂತ ಮರಿಗಳು ಬೆಳಕಿನತ್ತ ಗುಂಪುಗೂಡುತ್ತವೆ. ತಳದ ಮೊದಲ ಹನಿಗಳನ್ನು ಚೆಲ್ಲಿ, ಕಿತ್ತಳೆ ಭಾಗವನ್ನಷ್ಟೇ ನುಣುಪಾದ ಹಳೆಯ ಮಲ್ ಬಟ್ಟೆಗೆ ಇಳಿಸಿ, ಸಿಹಿನೀರಿನಲ್ಲಿ ತೊಳೆದು ಕೊಡಿ. ಚಿಪ್ಪು, ಒಡೆಯದ ಮೊಟ್ಟೆ ಜೊತೆಗೆ ಹೋದರೆ ಮರಿಯ ಕರುಳಲ್ಲಿ ಸಿಕ್ಕಿಕೊಂಡು ಹೊಟ್ಟೆ ಉಬ್ಬಿ ಸಾಯುತ್ತದೆ. ಆಗಲೂ ರೋಗ ಎಂದೇ ಹೆಸರು.

ಹುಟ್ಟಿದ ಆರ್ಟೀಮಿಯಾ ಮರಿಯ ಕಿತ್ತಳೆ ಬಣ್ಣವೇ ಅದರೊಳಗಿನ ಸತ್ವ. ಮೊದಲ ಏಳೆಂಟು ಗಂಟೆ ಕಳೆದಂತೆ ತನ್ನ ಬುತ್ತಿಯನ್ನು ತಾನೇ ಉಂಡು ಬಿಳಿಚಿಕೊಳ್ಳುತ್ತದೆ, ದೊಡ್ಡದಾಗುತ್ತದೆ, ವೇಗವಾಗಿ ಈಜಿ ತಪ್ಪಿಸಿಕೊಳ್ಳಲೂ ಕಲಿಯುತ್ತದೆ. ನಿನ್ನೆಯದನ್ನು ಇವತ್ತು ಕೊಟ್ಟರೆ ಹೊಟ್ಟೆ ತುಂಬೀತು, ಮೈ ಹಿಡಿಯದು. ಎರಡು ಬಾಟಲಿ ಇಟ್ಟು ಇವತ್ತು ಒಂದು, ನಾಳೆ ಇನ್ನೊಂದು ಎಂದು ಸರದಿಯಲ್ಲಿ ಹೂಡಿ, ನಿತ್ಯವೂ ಹೊಸದು ಸಿಗುವಂತೆ ನೋಡಿಕೊಳ್ಳಬೇಕು. ಸಿಹಿನೀರಿನಲ್ಲಿ ಇವು ಬದುಕುವುದು ಕೆಲವೇ ಗಂಟೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನು ದಿನಕ್ಕೆ ನಾಲ್ಕೈದು ಸಲ ಹಾಕಿ, ಸಂಜೆ ಗಾಳಿಕೊಳವೆಯಿಂದಲೇ ತಳದ ಕಸ ಎಳೆದು ತೆಗೆಯಿರಿ. ತೆಗೆದಷ್ಟು ನೀರನ್ನು ಅದೇ ಬಿಸಿಯ, ಕ್ಲೋರಿನ್ ಹೋಗಿಸಿದ ನೀರಿನಿಂದ ತುಂಬಿಸಿ. ತೆರೆದ ಡಬ್ಬಿಗೆ ನಮ್ಮ ಮಲೆನಾಡು, ಕರಾವಳಿಯ ಮಳೆಗಾಲದ ತೇವ ತಗುಲಿದರೆ ಮೊಟ್ಟೆ ಅರ್ಧಕ್ಕರ್ಧ ಒಡೆಯುವುದಿಲ್ಲ. ಸಣ್ಣ ಸಣ್ಣ ಪೊಟ್ಟಣ ಮಾಡಿ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ.

ಊಟ ಸಾಕಾಯಿತೇ ಎಂದು ತಿಳಿಯಲು ಯಾವ ಉಪಕರಣವೂ ಬೇಡ. ಆರ್ಟೀಮಿಯಾ ತಿಂದ ಮರಿಯ ಹೊಟ್ಟೆ ಅರ್ಧ ಗಂಟೆಯಲ್ಲಿ ಕಿತ್ತಳೆ ಗುಂಡಾಗಿ ಪಾರದರ್ಶಕ ಮೈಯಲ್ಲಿ ಎದ್ದು ಕಾಣುತ್ತದೆ. ಹಸಿದ ಮರಿಗೆ ತಲೆಯೇ ದೊಡ್ಡದು, ಹೊಟ್ಟೆ ಒಳಗೆ ಹೋಗಿ ಮೈ ಸೂಜಿಯಂತೆ. ಒಂದೇ ಸಲದ ಮರಿಗಳಲ್ಲೂ ಕೆಲವು ಬೇಗ ಬೆಳೆಯುತ್ತವೆ, ಕೆಲವು ಹಿಂದೆ ಉಳಿಯುತ್ತವೆ. ಮುಂದಿನವುಗಳ ಕಿತ್ತಳೆ ಹೊಟ್ಟೆ ನೋಡಿ ಇನ್ಫ್ಯೂಸೋರಿಯಾವನ್ನು ಥಟ್ಟನೆ ನಿಲ್ಲಿಸಿದರೆ ಹಿಂದಿನವು ಎಂಟನೇ ದಿನ ಸಾಯುತ್ತವೆ. ಕನಿಷ್ಠ ಮೂರು ದಿನ ಎರಡನ್ನೂ ಕೊಡಬೇಕು.

ಆರ್ಟೀಮಿಯಾ ದುಬಾರಿ. ಹಳ್ಳಿಯಲ್ಲಿ ಹತ್ತಾರು ತೊಟ್ಟಿ ಇಟ್ಟವರಿಗೆ ನಿಜವಾಗಿ ಕೈಹಿಡಿಯುವುದು ಮೊಯಿನಾ, ನೀರಿನ ಚಿಗಟ. ದೊಡ್ಡದು ಒಂದು ಮಿಲಿಮೀಟರಿನೊಳಗೆ, ಎಳೆಯದು 0.4 ಮಿಲಿಮೀಟರಿಗಿಂತ ಸಣ್ಣದು, ಅಂದರೆ ಆರ್ಟೀಮಿಯಾ ಮರಿಗಿಂತಲೂ ಸಣ್ಣದು. ಸಿಹಿನೀರಿನ ಜೀವಿಯಾದ್ದರಿಂದ ಮರಿ ತಿನ್ನುವವರೆಗೂ ಬದುಕಿರುತ್ತದೆ. ಒಣಗಿಸಿದರೆ ಅರ್ಧದಷ್ಟು ತೂಕ ಪ್ರೋಟೀನೇ. ಹುಟ್ಟಿ ನಾಲ್ಕೈದು ದಿನಕ್ಕೆ ತಾನೂ ಮರಿ ಹಾಕುತ್ತದೆ, ಆಮೇಲೆ ಎರಡು ದಿನಕ್ಕೊಮ್ಮೆ. ಅನುಕೂಲ ಇರುವವರೆಗೆ ಎಲ್ಲ ಹೆಣ್ಣೇ, ಗಂಡಿನ ಹಂಗಿಲ್ಲದೆ ಸಂತಾನ ಬೆಳೆಯುತ್ತದೆ.

ನೂರು ಲೀಟರಿನ ತೊಟ್ಟಿಗೆ ಎರಡು ದಿನ ಇಟ್ಟು ಕ್ಲೋರಿನ್ ಹೋಗಿಸಿದ ನೀರು, ಬಟ್ಟೆಯ ಚೀಲದಲ್ಲಿ ಕಟ್ಟಿದ 40 ಗ್ರಾಂ ಒಣ ಸಗಣಿ, ರಾತ್ರಿ ನೆನೆಸಿ ಹಿಂಡಿದ ಕಡಲೆಕಾಯಿ ಹಿಂಡಿಯ ತಿಳಿ ಒಂದು ಲೋಟ. ಜೊತೆಗೆ ಪಾಚಿ ಬೆಳೆದ ಹಸಿರು ನೀರು ಒಂದು ಬಕೆಟ್ ಸಿಕ್ಕರೆ ಬಹಳ ಒಳ್ಳೆಯದು. ಮೂರು ದಿನ ಬಿಟ್ಟು ಬೀಜಕ್ಕೆಂದು ಒಂದಿಷ್ಟು ಜೀವಂತ ಮೊಯಿನಾ ಬಿಡಿ. ಸಗಣಿ ಬೇಡ ಎನ್ನುವ ಪೇಟೆಯವರು ಬ್ರೆಡ್ಡಿನ ಈಸ್ಟ್ 2 ಗ್ರಾಂ ಉಗುರುಬೆಚ್ಚನೆ ನೀರಲ್ಲಿ ಕದಡಿ ಹಾಕಬಹುದು. ಮಾರನೆಯ ಬೆಳಿಗ್ಗೆ ನೀರು ಇನ್ನೂ ಬೆಳ್ಳಗಿದ್ದರೆ ಆ ದಿನ ಮೇವು ಹಾಕಬೇಡಿ. ಒಂದು ವಾರದಲ್ಲಿ ತೊಟ್ಟಿಯ ಮೂಲೆಗಳಲ್ಲಿ ಮೊಯಿನಾ ಮೋಡ ಕಟ್ಟುತ್ತದೆ. ಅಲ್ಲಿಂದ ದಿನಕ್ಕೆ ಕಾಲು ಪಾಲು ತೆಗೆಯುತ್ತಲೇ ಇರಬೇಕು. ಮರಿಗೆ ಬೇಡದಿದ್ದರೂ ತೆಗೆಯಬೇಕು, ದೊಡ್ಡ ಮೀನಿಗೆ ಹಾಕಿ. ಹಾಗೇ ಬಿಟ್ಟರೆ ದಟ್ಟಣೆ ಮಿತಿಮೀರಿ ಒಂದೇ ರಾತ್ರಿಯಲ್ಲಿ ಇಡೀ ತೊಟ್ಟಿಯ ಮೊಯಿನಾ ಸತ್ತುಹೋಗುತ್ತದೆ. ಮುನ್ಸೂಚನೆ ಇಲ್ಲದೆ ಇಲ್ಲ: ಆಮ್ಲಜನಕ ಇಳಿದಾಗ ಮೊಯಿನಾ ಮೈ ಕೆಂಪಾಗುತ್ತದೆ, ಬೆನ್ನಮೇಲೆ ಕಪ್ಪು ಮೊಟ್ಟೆ ಹೊತ್ತವು ಹೆಚ್ಚುತ್ತವೆ. ಕಪ್ಪು ಮೊಟ್ಟೆ ಕೆಟ್ಟ ಕಾಲ ಕಳೆಯಲು ಕಾದಿಡುವ ಮೊಟ್ಟೆ. ಕಂಡ ಕೂಡಲೇ ಮೂರನೇ ಒಂದು ಭಾಗ ನೀರು ಬದಲಿಸಿ, ಗಾಳಿ ಬಿಡಿ. ಹೇಗಿದ್ದರೂ ಇನ್ನೊಂದು ಬಕೆಟ್‌ನಲ್ಲಿ ಬೀಜ ಉಳಿಸಿಟ್ಟಿರಬೇಕು.

ಸಗಣಿಯ ವಿಷಯದಲ್ಲಿ ಒಂದು ಎಚ್ಚರಿಕೆ ಎಷ್ಟೋ ಮಂದಿಗೆ ತಿಳಿದಿಲ್ಲ. ದನಕ್ಕೆ ಜಂತುಹುಳಕ್ಕೂ ಉಣ್ಣಿಗೂ ಕೊಡುವ ಐವರ್ಮೆಕ್ಟಿನ್ ಮದ್ದು ಬಹುಪಾಲು ಸಗಣಿಯಲ್ಲೇ ಹೊರಬೀಳುತ್ತದೆ, ನೀರಿನ ಚಿಗಟಕ್ಕೆ ಅದು ಅತಿ ಸಣ್ಣ ಪ್ರಮಾಣದಲ್ಲೂ ವಿಷ. ಮದ್ದು ಕೊಟ್ಟ ದನದ ಸಗಣಿಯನ್ನು ತಿಂಗಳಾದರೂ ಮುಟ್ಟಬೇಡಿ. ಸೊಳ್ಳೆಗೆಂದು ಬೀದಿಯಲ್ಲಿ ಹೊಗೆ ಹಾಕುವ ದಿನ ತೊಟ್ಟಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ.

ಮೈಕ್ರೋವರ್ಮ್ ಎಂಬ ಸಣ್ಣ ಹುಳುವಿನ ಬಗ್ಗೆ ಚುಟುಕಾಗಿ. ಗಟ್ಟಿಯಾಗಿ ಬೇಯಿಸಿ ಆರಿಸಿದ ಓಟ್ಸ್ ಗಂಜಿ ಎರಡು ಬೆರಳು ದಪ್ಪ, ಮೇಲೆ ಚಿಟಿಕೆ ಈಸ್ಟ್, ಒಂದು ಚಮಚ ಬೀಜ, ಮುಚ್ಚಳಕ್ಕೆ ಸೂಜಿ ತೂತು. ವಾರದೊಳಗೆ ಹುಳುಗಳು ಡಬ್ಬಿಯ ಗೋಡೆ ಹತ್ತುತ್ತವೆ, ಬೆರಳಿನಿಂದ ಒರೆಸಿ ತೆಗೆದು ಕೊಡುವುದು. ಇವು ತಳಕ್ಕೆ ಇಳಿಯುವುದರಿಂದ ತಳದಲ್ಲಿ ಮೇಯುವ ಕೋರಿಡೋರಾಸ್‌ನಂಥ ಮರಿಗೆ ಹೆಚ್ಚು ಹೊಂದುತ್ತವೆ. ಇದೊಂದನ್ನೇ ವಾರಗಟ್ಟಲೆ ಕೊಡುವುದು ಬೇಡ.

ಇನ್ನು ಟ್ಯೂಬಿಫೆಕ್ಸ್. ಅಂಗಡಿಯಲ್ಲಿ ತಟ್ಟೆಯಲ್ಲಿ ಕೆಂಪಗೆ ಮಿಸುಕಾಡುವ ಈ ಹುಳು ಚರಂಡಿಯ ಕೆಸರಿನಲ್ಲಿ ಬೆಳೆಯುವಂಥದು. ಬೆಳ್ಳಂದೂರು ಕೆರೆಯ ನೊರೆ, ಬೆಂಕಿಯನ್ನು ನಾಡೇ ನೋಡಿದೆ. ನಗರದ ಕೊಳಚೆ ಹರಿಯುವ ಕಾಲುವೆಗಳಲ್ಲಿ ಎಂಥ ಲೋಹ, ಎಂಥ ರಾಸಾಯನಿಕ ಕೂತಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಹುಳು ಅದನ್ನೆಲ್ಲ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹರಿಯುವ ನೀರಲ್ಲಿ ಎರಡು ದಿನ ತೊಳೆದರೆ ಹೊರಗಿನ ಕೆಸರು, ಕರುಳಿನ ಕೆಸರು ಹೋದೀತು, ಮೈಗೆ ಸೇರಿದ ಲೋಹ ಹೋಗದು. ಕತ್ತರಿಸಿ ಮರಿಗೆ ಕೊಡುವ ರೂಢಿ ಬಿಡಲೇಬೇಕು. ಕೆರೆಯಿಂದ ಬಲೆ ಹಾಕಿ ತರುವ ಮೇವೂ ಮರಿತೊಟ್ಟಿಗೆ ಸಲ್ಲದು. ಅದರಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿ ಒಂದು ಬಂದರೂ ವಾರದಲ್ಲಿ ತೊಟ್ಟಿ ಖಾಲಿ ಮಾಡುತ್ತದೆ. ಹೈಡ್ರಾ ಗಾಜಿಗೆ ಅಂಟಿ ಕುಳಿತು ಎಳೆಮರಿಗಳನ್ನು ಹಿಡಿಯುತ್ತದೆ, ಸೈಕ್ಲಾಪ್ಸ್ ದಿನದ ಮರಿಯನ್ನು ಕಚ್ಚುತ್ತದೆ, ಮೀನುಹೇನು ಬಂದರೆ ತಾಯಿಮೀನೂ ಉಳಿಯದು. ಕೆರೆಯ ಮೊಯಿನಾ ತಂದರೆ ಬೇರೆ ಬಕೆಟ್‌ನಲ್ಲಿಟ್ಟು, ಬಿಳಿ ತಟ್ಟೆಯಲ್ಲಿ ಸುರಿದು, ಹತ್ತಿಪ್ಪತ್ತು ಮೊಯಿನಾಗಳನ್ನಷ್ಟೇ ಡ್ರಾಪರಿನಿಂದ ಆರಿಸಿ ಬೀಜಕ್ಕೆ ಬಳಸಿ.

ಸೊಳ್ಳೆಯ ಮಾತು ಬಿಡುವಂತಿಲ್ಲ. ಭರಣಿ, ಮೊಯಿನಾ ತೊಟ್ಟಿ ಎರಡೂ ನಿಂತ ನೀರು. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ವಾರ ಹತ್ತು ದಿನ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ದಾರ ಬಿಗಿಯಿರಿ, ತೊಟ್ಟಿಗೆ ಸೊಳ್ಳೆಪರದೆಯ ಬಲೆಯನ್ನು ಚೌಕಟ್ಟಿಗೆ ಹೊಡೆದು ಮುಚ್ಚಿ. ಮೀನು ಸಾಕುವವರ ಮನೆಯಿಂದ ನೆರೆಮನೆಗೆ ಜ್ವರ ಹೋಗುವಂತೆ ಆಗಬಾರದು.

ಈಗ ಕೇಳಬೇಕಾದ್ದನ್ನು ಕೇಳುತ್ತೇವೆ. ಇನ್ಫ್ಯೂಸೋರಿಯಾವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು, ಆರ್ಟೀಮಿಯಾ ಅಂಗಡಿಯಲ್ಲಿ ಕೊಳ್ಳಬಹುದು. ಸೈಕ್ಲಾಪ್ಸ್, ಹೈಡ್ರಾ ಬೆರೆಯದ ಶುದ್ಧ ಮೊಯಿನಾ ಬೀಜ ಮಾತ್ರ ಜಿಲ್ಲೆಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಹೆಸರಘಟ್ಟದಲ್ಲಿ ಸಿಹಿನೀರು ಮೀನು ಸಂಶೋಧನೆಯ ಪ್ರಾದೇಶಿಕ ಕೇಂದ್ರವಿದೆ, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ, ಜಿಲ್ಲೆಗಳಲ್ಲಿ ಇಲಾಖೆಯ ಮೀನುಮರಿ ಉತ್ಪಾದನಾ ಕೇಂದ್ರಗಳಿವೆ. ಬಿತ್ತನೆ ಬೀಜ ಕೊಡುವಂತೆ ಮೊಯಿನಾ ಬೀಜವನ್ನೂ ಈ ಕೇಂದ್ರಗಳಲ್ಲಿ ಕಾಯ್ದಿಟ್ಟು ಸಾಕಣೆದಾರರಿಗೆ ಕೊಡುವ ಏರ್ಪಾಡು ಆಗಲಿ. ಅಲಂಕಾರಿಕ ಮೀನಿನ ತರಬೇತಿ ಎಷ್ಟೇ ದಿನದ್ದಾಗಿರಲಿ, ಅದರಲ್ಲಿ ಒಂದು ಪೂರ್ಣ ದಿನ ಮರಿಯ ಆಹಾರಕ್ಕೆ ಮೀಸಲಾಗಲಿ. ಬಂದವರು ಕೈಯಾರೆ ಭರಣಿ ಹೂಡಿ, ಆರ್ಟೀಮಿಯಾ ಬೇರ್ಪಡಿಸಿ, ಮಾಗಿದ ಇನ್ಫ್ಯೂಸೋರಿಯಾವನ್ನು ಟಾರ್ಚ್ ಬೆಳಕಿನಲ್ಲಿ ಕಣ್ಣಾರೆ ನೋಡಿ ಹೋಗಲಿ. ಸಹಾಯಧನದ ಘಟಕಕ್ಕೆ ಮಂಜೂರಾತಿ ಕೊಡುವಾಗ ನಕ್ಷೆಯಲ್ಲಿ ಎರಡು ಮೊಯಿನಾ ತೊಟ್ಟಿ ಇರಲೇಬೇಕೆಂದು ಕೇಳಿದರೆ ಖರ್ಚು ಹೆಚ್ಚೇನೂ ಆಗದು. ಬೀಜ ಸಾಗಿಸುವುದೂ ಕಷ್ಟವಲ್ಲ: ಒಂದು ಲೀಟರಿನ ಬಾಟಲಿಯಲ್ಲಿ ಅರ್ಧ ನೀರು, ಅರ್ಧ ಗಾಳಿ ಬಿಟ್ಟು, ಒದ್ದೆ ಗೋಣಿ ಸುತ್ತಿ ಬೆಳಗಿನ ಬಸ್ಸಿಗೆ ಕೊಟ್ಟರೆ ಮಧ್ಯಾಹ್ನದೊಳಗೆ ಜಿಲ್ಲೆಯ ಯಾವ ಮೂಲೆಗಾದರೂ ಜೀವಂತ ತಲುಪುತ್ತದೆ.

ಇತಿ,
ಅಲಂಕಾರಿಕ ಮೀನು ಸಾಕಣೆದಾರರು
ಬೆಂಗಳೂರು